ದಾವಣಗೆರೆಯ ಭಾನುವಾರದ ಗಣಿತ ತರಗತಿ: ಸ್ವಯಂಸಿದ್ಧಗಳಿಗಾಗಿ ಕೊಟ್ಟ ಹತ್ತು ವಾರ

ದಾವಣಗೆರೆಯ ವಿದ್ಯಾನಗರದಲ್ಲಿ ನಿವೃತ್ತ ಗಣಿತ ಉಪನ್ಯಾಸಕರೊಬ್ಬರು ತಮ್ಮ ಮನೆಯ ಮಹಡಿಯ ಮೇಲೆ ಭಾನುವಾರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ನಡೆಸುವ ತರಗತಿಗೆ ಹತ್ತು ವಾರ ತಪ್ಪದೆ ಹೋಗಿ ಬಂದಿದ್ದೇನೆ. ವಿಷಯ ಒಂದೇ: ಗಣಿತದಲ್ಲಿ ಮತ್ತು ತರ್ಕಶಾಸ್ತ್ರದಲ್ಲಿ ಸ್ವಯಂಸಿದ್ಧಗಳು ಮಾಡುವ ಕೆಲಸ ಏನು ಎಂಬುದು. ಶುಲ್ಕ ಒಟ್ಟು 1,800 ರೂಪಾಯಿ. ಎಪ್ಪತ್ತು ಪುಟಗಳ ಮುದ್ರಿತ ಟಿಪ್ಪಣಿಯೂ ನಡುವಿನ ಬಿಡುವಿನ ಚಹಾ, ಮಂಡಕ್ಕಿಯೂ ಅದರಲ್ಲೇ ಸೇರಿವೆ. ನಮ್ಮ ತಂಡದಲ್ಲಿ ಹದಿನೆಂಟು ಜನರಿದ್ದೆವು. ಪರೀಕ್ಷೆಯಾಗಲಿ ಪ್ರಮಾಣಪತ್ರವಾಗಲಿ ಇಲ್ಲ. ತಮ್ಮ ಹೆಸರು ಬರೆಯಬಾರದೆಂದು ಅವರು ಕೇಳಿಕೊಂಡಿರುವುದರಿಂದ ಇಲ್ಲಿ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತೇನೆ.

ನಾನು ಚಿತ್ರದುರ್ಗ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವವನು. ಅರವತ್ತು ಕಿಲೋಮೀಟರ್ ದೂರದ ತರಗತಿಗೆ ಭಾನುವಾರದ ಬಸ್ಸು ಹತ್ತಲು ಕಾರಣವಾದದ್ದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಪ್ರಶ್ನೆ. ಯೂಕ್ಲಿಡನ ರೇಖಾಗಣಿತದ ಪಾಠದಲ್ಲಿ ಸ್ವಯಂಸಿದ್ಧಗಳನ್ನೂ ಆಧಾರ ಪ್ರತಿಜ್ಞೆಗಳನ್ನೂ ಕಪ್ಪು ಹಲಗೆಯ ಮೇಲೆ ಬರೆದು, ಇವು ಸಾಧನೆಯಿಲ್ಲದೆ ಒಪ್ಪಬೇಕಾದ ಸತ್ಯಗಳು ಎಂದು ಹೇಳಿದಾಗ ಅವಳು ಎದ್ದು ನಿಂತು, "ಸರ್, ಎಲ್ಲಕ್ಕೂ ಸಾಧನೆ ಬರೀರಿ ಅಂತೀರಿ, ಇವನ್ನ ಮಾತ್ರ ಯಾಕೆ ಬಿಟ್ಟಿದೀರಿ?" ಎಂದು ಕೇಳಿದಳು. ಅವು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿವೆ ಎಂದೆ. ಹಾಗಾದರೆ ಸಮದ್ವಿಬಾಹು ತ್ರಿಭುಜದ ಪಾದಕೋನಗಳು ಸಮವಾಗಿರುವುದೂ ಕಣ್ಣಿಗೆ ಕಾಣುತ್ತದಲ್ಲ, ಅದಕ್ಕೇಕೆ ಸಾಧನೆ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಹದಿನಾಲ್ಕು ವರ್ಷದಿಂದ ಅದೇ ಪಾಠ ಮಾಡುತ್ತಿದ್ದ ನನಗೆ ಆ ದಿನ ಆದ ಸಂಕಟ ಸಣ್ಣದಲ್ಲ.

ಮೊದಲ ಭಾನುವಾರವೇ ಮೇಷ್ಟ್ರು ಯೂಕ್ಲಿಡನನ್ನು ಬದಿಗಿಟ್ಟು ನಮ್ಮೆಲ್ಲರಿಂದಲೂ ಒಂದೊಂದು ಮಾತು ಹೇಳಿಸಿ, ಅದು ಏಕೆ ಸರಿ ಎಂದು ಕೇಳಿದರು. ಕೊಟ್ಟ ಕಾರಣಕ್ಕೂ ಕಾರಣ ಕೇಳಿದರು, ಅದಕ್ಕೂ ಕೇಳಿದರು. ನಾಲ್ಕೈದು ಮೆಟ್ಟಿಲು ಇಳಿಯುವಷ್ಟರಲ್ಲಿ ಪ್ರತಿಯೊಬ್ಬರಿಗೂ ಮೂರರಲ್ಲಿ ಒಂದು ಗತಿಯಾಯಿತು: ಕೊನೆಯಿಲ್ಲದೆ ಇಳಿಯುತ್ತಲೇ ಹೋಗಬೇಕು, ಇಲ್ಲವೇ ಮೊದಲು ಹೇಳಿದ್ದನ್ನೇ ಸುತ್ತಿ ಬಂದು ಕಾರಣವಾಗಿ ಕೊಡಬೇಕು, ಇಲ್ಲವೇ ಎಲ್ಲಿಯೋ ಒಂದು ಕಡೆ ನಿಂತು "ಇದನ್ನು ಒಪ್ಪಿಕೊಂಡು ಶುರು ಮಾಡುತ್ತೇನೆ" ಎನ್ನಬೇಕು. ನಮ್ಮ ಜೊತೆಯಲ್ಲಿ ಎ.ಪಿ.ಎಂ.ಸಿ. ಯಾರ್ಡಿನ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಹಿರಿಯರೊಬ್ಬರಿದ್ದರು. ಮೂರನೆಯದು ಲೆಕ್ಕದ ಪುಸ್ತಕದಲ್ಲಿ ಬರೆಯುವ ಆರಂಭದ ಶಿಲ್ಕಿನಂತೆ ಎಂದು ಅವರು ಹೇಳಿದರು. ಆ ಪುಟದ ಯಾವ ಜಮೆಯಿಂದಲೂ ಅದು ಹುಟ್ಟುವುದಿಲ್ಲ, ಆದರೆ ಅದಿಲ್ಲದೆ ಪುಟದ ಲೆಕ್ಕ ಕೂಡುವುದಿಲ್ಲ. ಇನ್ನೊಬ್ಬರು, ಆರಂಭದ ಶಿಲ್ಕು ಹಿಂದಿನ ದಿನದ ಪುಟದಿಂದ ಬಂದದ್ದಲ್ಲವೇ ಎಂದು ಆಕ್ಷೇಪಿಸಿದರು. ಮೇಷ್ಟ್ರು ಅದನ್ನು ಒಪ್ಪಿ, "ಹಾಗಾದರೆ ಅಂಗಡಿ ಶುರುವಾದ ದಿನದ ಮೊದಲ ಪುಟ ತೆಗೆಯಿರಿ, ಅಲ್ಲಿ ಏನಿದೆ?" ಎಂದರು. ಅಲ್ಲಿರುವುದು ಬಂಡವಾಳ. ಹೊರಗಿನಿಂದ ತಂದು ಹಾಕಿದ್ದು, ಎಷ್ಟೆಂದು ಮೊದಲ ಸಾಲಿನಲ್ಲಿಯೇ ಬರೆದದ್ದು. ಸ್ವಯಂಸಿದ್ಧವೆಂದರೆ ಗಣಿತಕ್ಕೆ ಹಾಕಿದ ಬಂಡವಾಳ ಎಂಬ ಈ ಮಾತನ್ನು ನಾವು ಮುಂದಿನ ಒಂಬತ್ತು ವಾರವೂ ಮತ್ತೆ ಮತ್ತೆ ಆಡಿದೆವು.

ತರಗತಿಯ ಕ್ರಮ ಸರಳವಾದದ್ದು, ಆದರೆ ಕಠಿಣವಾದದ್ದು. ನೋಟುಪುಸ್ತಕದ ಬಲಗಡೆ ನಾಲ್ಕು ಬೆರಳಗಲದ ಅಂಚು ಬಿಡಬೇಕು. ಸಾಧನೆಯ ಪ್ರತಿ ಸಾಲಿನ ಎದುರು ಅದು ಯಾವ ಸ್ವಯಂಸಿದ್ಧದಿಂದ, ಯಾವ ಆಧಾರ ಪ್ರತಿಜ್ಞೆಯಿಂದ ಅಥವಾ ಮೊದಲೇ ಸಾಧಿಸಿದ ಯಾವ ಪ್ರಮೇಯದಿಂದ ಬಂತು ಎಂದು ಬರೆಯಬೇಕು. ಬರೆಯಲಾಗದಿದ್ದರೆ ಅಂಚನ್ನು ಖಾಲಿ ಬಿಡಬೇಕೇ ಹೊರತು "ಸ್ಪಷ್ಟವಾಗಿದೆ" ಎಂದು ಬರೆಯುವಂತಿಲ್ಲ. ನಮ್ಮ ಶಾಲೆಗಳಲ್ಲಿಯೂ ಕಾರಣ ಬರೆಸುತ್ತೇವೆ ನಿಜ. ಆದರೆ ನಾವು ಬರೆಸುವುದು ಅಂಕಕ್ಕಾಗಿ. ಖಾಲಿ ಉಳಿದ ಅಂಚನ್ನು ನೋಡುತ್ತ ಅರ್ಧ ಗಂಟೆ ಕೂರುವುದಕ್ಕಾಗಿ ಅಲ್ಲ.

ಎರಡನೆಯ ವಾರ ಅಂಥ ಖಾಲಿ ಅಂಚು ನಮಗೆ ಸಿಕ್ಕಿದ್ದು ಯೂಕ್ಲಿಡನ ಮೊದಲನೆಯ ಪುಸ್ತಕದ ಮೊದಲನೆಯ ಸಾಧ್ಯದಲ್ಲಿಯೇ (ಸಾಧಿಸಿ ತೋರಿಸಬೇಕಾದ ಮಾತಿಗೆ ಅಥವಾ ರಚನೆಗೆ ಸಾಧ್ಯವೆಂದು ಹೆಸರು). ಕ್ರಿಸ್ತಪೂರ್ವ 300ರ ಸುಮಾರಿಗೆ ರಚಿತವಾದ ಆ ಹದಿಮೂರು ಪುಸ್ತಕಗಳ ಗ್ರಂಥ ಶುರುವಾಗುವುದು ಕೊಟ್ಟ ರೇಖಾಖಂಡದ ಮೇಲೆ ಸಮಬಾಹು ತ್ರಿಭುಜ ರಚಿಸುವುದರಿಂದ. ರೇಖಾಖಂಡದ ಒಂದು ತುದಿಯನ್ನು ಕೇಂದ್ರವಾಗಿಟ್ಟುಕೊಂಡು ಅದರ ಉದ್ದದ ತ್ರಿಜ್ಯದಲ್ಲಿ ಒಂದು ವೃತ್ತ, ಇನ್ನೊಂದು ತುದಿಯಿಂದ ಇನ್ನೊಂದು ವೃತ್ತ. ಎರಡೂ ಕೂಡುವ ಬಿಂದುವೇ ಮೂರನೆಯ ಶೃಂಗ. ಏಳನೆಯ ತರಗತಿಯ ಮಗುವೂ ಕೈವಾರದಿಂದ ಮಾಡುವ ಕೆಲಸ ಇದು. ವೃತ್ತ ಎಳೆಯಲು ಮೂರನೆಯ ಆಧಾರ ಪ್ರತಿಜ್ಞೆ ಇದೆ, ಬಿಂದುಗಳನ್ನು ಸೇರಿಸಲು ಮೊದಲನೆಯದಿದೆ. ಆದರೆ ಎರಡು ವೃತ್ತಗಳು ಒಂದು ಬಿಂದುವಿನಲ್ಲಿ ಕೂಡುತ್ತವೆ ಎಂಬುದಕ್ಕೆ ಅಂಚಿನಲ್ಲಿ ಏನು ಬರೆಯಬೇಕು? ಐದು ಆಧಾರ ಪ್ರತಿಜ್ಞೆಗಳಲ್ಲಿ ಯಾವುದೂ ಅದನ್ನು ಹೇಳುವುದಿಲ್ಲ. ಚಿತ್ರದಲ್ಲಿ ಕಾಣುತ್ತದಲ್ಲ ಎಂದವರಿಗೆ ಮೇಷ್ಟ್ರು, ಎರಡೂ ನಿರ್ದೇಶಾಂಕಗಳು ಭಾಗಲಬ್ಧ ಸಂಖ್ಯೆಗಳೇ (ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಬಹುದಾದವು) ಆಗಿರುವ ಬಿಂದುಗಳನ್ನು ಮಾತ್ರ ಇಟ್ಟುಕೊಂಡ ಸಮತಲವೊಂದನ್ನು ಊಹಿಸಲು ಹೇಳಿದರು. ರೇಖಾಖಂಡದ ತುದಿಗಳು (0, 0) ಮತ್ತು (1, 0) ಆದರೆ ವೃತ್ತಗಳು ಕೂಡಬೇಕಾದ ಬಿಂದುವಿನ ಎತ್ತರ √3/2. ಅದು ಅಭಾಗಲಬ್ಧ ಸಂಖ್ಯೆ. ಆ ಸಮತಲದಲ್ಲಿ ಎರಡು ವೃತ್ತಗಳೂ ಒಂದನ್ನೊಂದು ಮುಟ್ಟದೆ ದಾಟಿ ಹೋಗುತ್ತವೆ. ಎರಡು ಸಾವಿರ ವರ್ಷಗಳ ಕಾಲ ಜಗತ್ತು ನಿಷ್ಕರ್ಷೆಯ ಮಾದರಿ ಎಂದು ಓದಿದ ಗ್ರಂಥದ ಮೊದಲ ಹೆಜ್ಜೆಯಲ್ಲಿಯೇ ಬರೆಯದ ಬಂಡವಾಳವೊಂದು ಸೇರಿಕೊಂಡಿತ್ತು ಎಂಬುದನ್ನು ನಾನು ಬಿ.ಎಸ್ಸಿ.ಯಲ್ಲಿಯೂ ಬಿ.ಇಡಿ.ಯಲ್ಲಿಯೂ ಕೇಳಿರಲಿಲ್ಲ. ಇಂಥ ಬಿಟ್ಟುಹೋದ ಮಾತುಗಳನ್ನು ಹುಡುಕಿ ಬರೆದದ್ದು 1882ರಲ್ಲಿ ಮೊರಿಟ್ಜ್ ಪಾಶ್, ಆಮೇಲೆ 1899ರಲ್ಲಿ ಡೇವಿಡ್ ಹಿಲ್ಬರ್ಟ್. ಹಿಲ್ಬರ್ಟರ ಪಟ್ಟಿಯಲ್ಲಿ ಸ್ವಯಂಸಿದ್ಧಗಳು ಇಪ್ಪತ್ತರ ಆಸುಪಾಸಿಗೆ ಏರಿದವು.

ಮೂರನೆಯ ವಾರದ ಕೆಲಸ ಇನ್ನೂ ಚೆನ್ನಾಗಿತ್ತು. ಗೋಡೆಗೆ ದೊಡ್ಡ ಕಾಗದ ಅಂಟಿಸಿ, ಅದರ ಮೇಲ್ತುದಿಯಲ್ಲಿ ಮೊದಲನೆಯ ಪುಸ್ತಕದ 47ನೆಯ ಸಾಧ್ಯವನ್ನು, ಎಂದರೆ ನಾವು ಪೈಥಾಗೊರಸ್ ಪ್ರಮೇಯವೆನ್ನುವುದನ್ನು ಬರೆದು, ಅದು ಯಾವುದನ್ನೆಲ್ಲ ಬಳಸುತ್ತದೆ, ಅವು ಮತ್ತೆ ಯಾವುದನ್ನು ಬಳಸುತ್ತವೆ ಎಂದು ಗೆರೆ ಎಳೆಯುತ್ತ ಕೆಳಗಿಳಿದೆವು. ಚಿತ್ರದುರ್ಗದವನಾದ ನನಗೆ ಏಳು ಸುತ್ತಿನ ಕೋಟೆಯನ್ನು ಒಳಗಿನಿಂದ ಒಂದೊಂದೇ ಬಾಗಿಲು ದಾಟಿ ಹೊರಕ್ಕೆ ಇಳಿದಂತೆ ಅನಿಸಿತು. ಇಳಿಯುತ್ತಿದ್ದಂತೆ ಅನೇಕ ಗೆರೆಗಳು 29ನೆಯ ಸಾಧ್ಯದ ಮೂಲಕವೇ ಹಾದುಹೋಗುವುದು ಕಂಡಿತು. ಸಮಾಂತರ ರೇಖೆಗಳನ್ನು ಛೇದಕವೊಂದು ಕಡಿದಾಗ ಪರ್ಯಾಯ ಕೋನಗಳು ಸಮ ಎನ್ನುವ ಆ ಸಾಧ್ಯದಲ್ಲಿ ಯೂಕ್ಲಿಡ್ ಮೊಟ್ಟಮೊದಲ ಬಾರಿಗೆ ತನ್ನ ಐದನೆಯ ಆಧಾರ ಪ್ರತಿಜ್ಞೆಯನ್ನು (ಒಂದು ರೇಖೆಯ ಹೊರಗಿನ ಬಿಂದುವಿನ ಮೂಲಕ ಅದಕ್ಕೆ ಒಂದೇ ಒಂದು ಸಮಾಂತರ ರೇಖೆ ಇರುತ್ತದೆ ಎಂಬುದಕ್ಕೆ ಸಮನಾದದ್ದು) ಬಳಸುತ್ತಾನೆ. ಮೊದಲ ಇಪ್ಪತ್ತೆಂಟು ಸಾಧ್ಯಗಳನ್ನು ಅದಿಲ್ಲದೆಯೇ ಮುಗಿಸಿದ್ದಾನೆ. ಅವನಿಗೂ ಆ ಪ್ರತಿಜ್ಞೆಯ ಬಗ್ಗೆ ಹಿಂಜರಿಕೆ ಇತ್ತೇನೋ ಎಂದು ಮೇಷ್ಟ್ರು ಹೇಳಿದರು. ಕಾಗದದ ಮೇಲಿನ ಗೆರೆಗಳನ್ನು ನೋಡಿದ ಮೇಲೆ ನನಗೂ ಹಾಗೆಯೇ ಅನಿಸಿದೆ.

ಐದನೆಯ ಪ್ರತಿಜ್ಞೆಯ ಕಥೆಯನ್ನು ಅವರು ಎರಡು ಭಾನುವಾರ ಹೇಳಿದರು. ಉಳಿದ ನಾಲ್ಕರಿಂದ ಅದನ್ನು ಸಾಧಿಸಲು ಶತಮಾನಗಳ ಕಾಲ ನಡೆದ ಪ್ರಯತ್ನಗಳು. 1733ರಲ್ಲಿ ಇಟಲಿಯ ಸಕ್ಕೇರಿ ಅದನ್ನು ಸುಳ್ಳೆಂದು ಭಾವಿಸಿ ವಿರೋಧಾಭಾಸ ಹುಡುಕುತ್ತ ಹೋಗಿ, ವಿಚಿತ್ರವಾದರೂ ಪರಸ್ಪರ ವಿರೋಧವಿಲ್ಲದ ಪ್ರಮೇಯಗಳ ಸಾಲನ್ನೇ ಪಡೆದು, ಕೊನೆಗೆ ಇದು ಸರಳರೇಖೆಯ ಸ್ವಭಾವಕ್ಕೆ ಒಗ್ಗದ್ದು ಎಂದು ತಳ್ಳಿಹಾಕಿದ್ದು. 1829ರಲ್ಲಿ ರಷ್ಯಾದ ಲೊಬಚೆವ್‌ಸ್ಕಿ ಮತ್ತು 1832ರಲ್ಲಿ ಹಂಗೇರಿಯ ಬೊಯಾಯಿ ಅದೇ ಪ್ರಮೇಯಗಳನ್ನು ಹೊಸ ರೇಖಾಗಣಿತವೆಂದು ಮುಂದಿಟ್ಟದ್ದು. 1868ರಲ್ಲಿ ಬೆಲ್ಟ್ರಾಮಿ, ಯೂಕ್ಲಿಡನ ರೇಖಾಗಣಿತದಲ್ಲಿ ವಿರೋಧವಿಲ್ಲದಿದ್ದರೆ ಈ ಹೊಸದರಲ್ಲಿಯೂ ವಿರೋಧವಿರಲಾರದೆಂದು ತೋರಿಸಿದ್ದು. ಒಂದು ಮಾತನ್ನು ಉಳಿದವುಗಳಿಂದ ಸಾಧಿಸಲು ಬರುವುದೇ ಇಲ್ಲ ಎಂಬುದನ್ನು ಸಾಧಿಸುವುದು ಹೇಗೆ ಎಂಬುದು ನನಗೆ ಅಲ್ಲಿಯವರೆಗೂ ಬಿಡಿಸದ ಒಗಟಾಗಿತ್ತು.

ಆ ಒಗಟನ್ನು ಅವರು ಬಿಡಿಸಿದ್ದು ದಾವಣಗೆರೆ ಜಿಲ್ಲೆಯ ಊರುಗಳಿಂದ. ಈ ಪಾಠವೊಂದಕ್ಕೇ ಶುಲ್ಕ ಸಂದಿತು ಎಂದು ಮನಃಪೂರ್ವಕವಾಗಿ ಹೇಳುತ್ತೇನೆ. "ಬಿಂದು" ಎಂದರೆ ಊರು, "ರೇಖೆ" ಎಂದರೆ ಎರಡು ಊರುಗಳ ನಡುವೆ ಮಾತ್ರ ಓಡುವ ಬಸ್ಸು ಎಂದು ಇಟ್ಟುಕೊಳ್ಳಿ. ಸ್ವಯಂಸಿದ್ಧಗಳು ಮೂರು: ಯಾವುದೇ ಎರಡು ಊರುಗಳ ನಡುವೆ ಒಂದು, ಒಂದೇ ಒಂದು, ಬಸ್ಸಿದೆ, ಪ್ರತಿ ಬಸ್ಸೂ ಕನಿಷ್ಠ ಎರಡು ಊರನ್ನು ಮುಟ್ಟುತ್ತದೆ, ಒಂದೇ ಬಸ್ಸಿನ ದಾರಿಯಲ್ಲಿ ಬಾರದ ಮೂರು ಊರುಗಳಾದರೂ ಇವೆ. ಮೊದಲು ದಾವಣಗೆರೆ, ಹರಿಹರ, ಚನ್ನಗಿರಿ ಎಂಬ ಮೂರೇ ಊರುಗಳಿವೆ ಎನ್ನಿ. ಬಸ್ಸುಗಳು ಮೂರು, ಯಾವ ಎರಡು ಬಸ್ಸು ತೆಗೆದುಕೊಂಡರೂ ಒಂದು ಊರಿನಲ್ಲಿ ಕೂಡುತ್ತವೆ. ಇಲ್ಲಿ ಸಮಾಂತರ ರೇಖೆಯೇ ಇಲ್ಲ. ಹೊನ್ನಾಳಿಯನ್ನು ಸೇರಿಸಿದರೆ ಬಸ್ಸುಗಳು ಆರಾಗುತ್ತವೆ. ದಾವಣಗೆರೆ–ಹರಿಹರ ಬಸ್ಸನ್ನು ಎಲ್ಲಿಯೂ ಸಂಧಿಸದೆ ಚನ್ನಗಿರಿಯ ಮೂಲಕ ಹೋಗುವುದು ಚನ್ನಗಿರಿ–ಹೊನ್ನಾಳಿ ಬಸ್ಸು ಒಂದೇ. ಇದು ಯೂಕ್ಲಿಡನ ಜಗತ್ತಿನಂತಿದೆ. ಜಗಳೂರನ್ನೂ ಸೇರಿಸಿದರೆ ಬಸ್ಸುಗಳು ಹತ್ತು. ಈಗ ಚನ್ನಗಿರಿಯಿಂದ ಹೊನ್ನಾಳಿಗೂ ಜಗಳೂರಿಗೂ ಹೋಗುವ ಎರಡು ಬಸ್ಸುಗಳು ದಾವಣಗೆರೆ–ಹರಿಹರ ಬಸ್ಸನ್ನು ಸಂಧಿಸುವುದಿಲ್ಲ. ಒಂದು ಬಿಂದುವಿನ ಮೂಲಕ ಎರಡು ಸಮಾಂತರಗಳು! ಮೂರು ಸ್ವಯಂಸಿದ್ಧಗಳೂ ಮೂರು ಏರ್ಪಾಡಿನಲ್ಲಿಯೂ ಸರಿಯಾಗಿವೆ, ಸಮಾಂತರದ ಮಾತು ಮಾತ್ರ ಮೂರರಲ್ಲಿಯೂ ಬೇರೆ ಬೇರೆ. ಹೀಗಿರುವಾಗ ಆ ಮೂರರಿಂದ ಸಮಾಂತರದ ಮಾತನ್ನು ಸಾಧಿಸುವ ಸಾಧನೆ ಇರಲು ಸಾಧ್ಯವೇ ಇಲ್ಲ. ಇದ್ದಿದ್ದರೆ ಅದು ಮೂರು ಏರ್ಪಾಡಿಗೂ ಅನ್ವಯಿಸಬೇಕಿತ್ತು. ಬೆಲ್ಟ್ರಾಮಿಯ ಕೆಲಸದ ತಿರುಳು ಇದೇ, ಅಲ್ಲಿನ ಮಾದರಿ ಮಾತ್ರ ಬಹಳ ಜಟಿಲವಾದದ್ದು. ಬಿಂದು, ರೇಖೆ, ಸಮತಲಗಳ ಜಾಗದಲ್ಲಿ ಮೇಜು, ಕುರ್ಚಿ, ಬಿಯರ್ ಲೋಟ ಎಂದರೂ ರೇಖಾಗಣಿತ ನಡೆಯಬೇಕು ಎಂದು ಹಿಲ್ಬರ್ಟರು ಹೇಳಿದ್ದರೆಂಬ ಮಾತು ನನಗೆ ಅರ್ಥವಾದದ್ದು ಆ ಬಸ್ಸುಗಳ ಜೊತೆಯಲ್ಲಿಯೇ.

ನಮ್ಮ ಪದಗಳ ಬಗ್ಗೆ ನಡೆದ ಚರ್ಚೆಯನ್ನೂ ಇಲ್ಲಿ ಹೇಳಬೇಕು. "ಸ್ವಯಂಸಿದ್ಧ" ಎಂಬ ಪದವೇ ಹಾದಿ ತಪ್ಪಿಸುತ್ತದೆ ಎಂಬುದು ಮೇಷ್ಟ್ರ ಅಭಿಪ್ರಾಯ, ಈಗ ನನ್ನ ಅಭಿಪ್ರಾಯವೂ ಹೌದು. ತಾನೇ ತಾನಾಗಿ ಸಿದ್ಧವಾದದ್ದು ಎಂದ ಮೇಲೆ ಪ್ರಶ್ನೆಗೆ ಎಡೆಯೆಲ್ಲಿ? "ಇಡಿಯು ಭಾಗಕ್ಕಿಂತ ದೊಡ್ಡದು" ಎಂಬ ಯೂಕ್ಲಿಡನ ಮಾತು ಅಂಥ ಸಿದ್ಧವಸ್ತುವಿನಂತೆ ಕಾಣುತ್ತದೆ. ಆದರೆ 1, 2, 3, 4 ಎಂಬ ಸಂಖ್ಯೆಗಳನ್ನು ಕ್ರಮವಾಗಿ 2, 4, 6, 8ರ ಜೊತೆ ಜೋಡಿಸುತ್ತ ಹೋದರೆ ಎಲ್ಲ ಸಂಖ್ಯೆಗಳೂ ಅವುಗಳ ಒಂದು ಭಾಗವಾದ ಸರಿಸಂಖ್ಯೆಗಳೂ ಒಂದಕ್ಕೊಂದು ಸರಿಹೊಂದುತ್ತವೆ, ಯಾವುದೂ ಉಳಿಯುವುದಿಲ್ಲ. ಅನಂತ ಗಣಗಳಿಗೆ ಆ ಅಳತೆಯಲ್ಲಿ ಆ ಮಾತು ನಿಲ್ಲುವುದಿಲ್ಲ. "ಆಧಾರ ಪ್ರತಿಜ್ಞೆ" ಎಂಬುದು ಇದಕ್ಕಿಂತ ಪ್ರಾಮಾಣಿಕವಾದ ಪದ. ಗ್ರೀಕಿನಲ್ಲಿ ಯೂಕ್ಲಿಡ್ ಬಳಸಿದ ಪದಕ್ಕೆ ಬೇಡಿಕೆ ಎಂಬ ಅರ್ಥವಿದೆಯಂತೆ: ಇಷ್ಟನ್ನು ಕೊಡಿ, ಉಳಿದದ್ದನ್ನು ನಾನು ತೋರಿಸುತ್ತೇನೆ. ಭಾರತೀಯ ತರ್ಕದ ನ್ಯಾಯಶಾಸ್ತ್ರ ವಾದಕ್ಕೆ ಹೇಳುವ ಐದು ಅವಯವಗಳಲ್ಲಿ ಪ್ರತಿಜ್ಞೆ ಎಂದರೆ ಸಾಧಿಸಬೇಕಾದ ಮಾತು, "ಬೆಟ್ಟದಲ್ಲಿ ಬೆಂಕಿಯಿದೆ" ಎಂಬುದು. ರೇಖಾಗಣಿತದಲ್ಲಿ ಅದೇ ಪದ ಸಾಧಿಸದೆ ಒಪ್ಪುವ ಮಾತಿಗೆ ಬಂದಿದೆ. ಹಾಗಾದರೆ ನಮ್ಮ ಪೂರ್ವಿಕರಲ್ಲಿಯೂ ಸ್ವಯಂಸಿದ್ಧಗಳಿದ್ದವು ಎನ್ನಬಹುದೇ ಎಂದು ಒಬ್ಬರು ಕೇಳಿದರು. ಮೇಷ್ಟ್ರು ಆ ಹೊಗಳಿಕೆಗೆ ಒಪ್ಪಲಿಲ್ಲ: ಹೊಗೆಯಿದ್ದಲ್ಲೆಲ್ಲ ಬೆಂಕಿ ಎಂಬ ವ್ಯಾಪ್ತಿ ಅಡುಗೆಮನೆಯ ಒಲೆಯನ್ನು ಕಂಡು ಬಂದದ್ದು, ಅದು ಲೋಕವನ್ನು ನೋಡಿ ಪಡೆದ ಜ್ಞಾನ, ಆರಂಭಕ್ಕಾಗಿ ಇಟ್ಟುಕೊಂಡ ಮಾತಲ್ಲ, ಎರಡನ್ನೂ ಅವುಗಳ ಜಾಗದಲ್ಲಿ ಗೌರವಿಸೋಣ ಎಂದರು. ನನಗೆ ಆ ಉತ್ತರ ಬಹಳ ಹಿಡಿಸಿತು.

ಶಾಲೆಯ ಶಿಕ್ಷಕರಿಗೆ ಅತ್ಯಂತ ಉಪಯುಕ್ತವಾದದ್ದು ಆರನೆಯ ವಾರ. ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಏಕೆ ಎಂಬ ಪ್ರಶ್ನೆಗೆ ನಾವು ಸಾಲ, ಶತ್ರುವಿನ ಶತ್ರು ಎಂದು ಏನೇನೋ ಕಥೆ ಹೇಳುತ್ತೇವೆ. ಅವರು ಅಂಚಿನೊಡನೆ ಬರೆಸಿದ್ದು ಹೀಗೆ. ಮೊದಲು, ಯಾವ ಸಂಖ್ಯೆಯನ್ನು 0ಯಿಂದ ಗುಣಿಸಿದರೂ 0: ಏಕೆಂದರೆ 0 = 0 + 0, ಅ × (ಬ + ಕ) = ಅ × ಬ + ಅ × ಕ ಎಂಬ ವಿಭಾಜಕ ಗುಣದಿಂದ ಅ × 0 = ಅ × 0 + ಅ × 0, ಎರಡೂ ಕಡೆಯಿಂದ ಅ × 0 ಕಳೆದರೆ ಉಳಿಯುವುದು 0. ಈಗ (−1) × (1 + (−1)) ಎಂಬುದನ್ನು ತೆಗೆದುಕೊಳ್ಳಿ. ಆವರಣದೊಳಗಿರುವುದು 0, ಆದ್ದರಿಂದ ಗುಣಲಬ್ಧ 0. ವಿಭಾಜಕ ಗುಣದಿಂದ ಬಿಡಿಸಿದರೆ ಅದೇ −1 + (−1) × (−1). ಎರಡೂ ಒಂದೇ ಆದ್ದರಿಂದ (−1) × (−1) ಎಂಬುದು −1ಕ್ಕೆ ಕೂಡಿಸಿದಾಗ 0 ಕೊಡುವ ಸಂಖ್ಯೆ, ಎಂದರೆ 1. ಯಾರೂ ಕಟ್ಟಿದ ನಿಯಮವಲ್ಲ ಇದು. ವಿಭಾಜಕ ಗುಣವನ್ನು ಋಣ ಸಂಖ್ಯೆಗಳಿಗೂ ಒಪ್ಪಿಕೊಂಡ ಕ್ಷಣದಲ್ಲಿಯೇ ತೀರ್ಮಾನವಾದ ಮಾತು. 0ಯಿಂದ ಭಾಗಿಸುವಂತಿಲ್ಲ ಎಂಬುದೂ ಅಲ್ಲಿಯೇ ಬಂದುಬಿಡುತ್ತದೆ: 0ಯನ್ನು ಯಾವುದರಿಂದ ಗುಣಿಸಿದರೂ 0 ಆಗುವಾಗ, ಗುಣಿಸಿ 1 ಕೊಡುವ ವಿಲೋಮ ಅದಕ್ಕೆ ಇರಲಾರದು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿದ್ದ ನಮ್ಮ ಮಹಾವೀರಾಚಾರ್ಯರು 0ಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದಿದ್ದರು. ಯಾರಿಗೂ ಹಂಚದಿದ್ದರೆ ಇದ್ದದ್ದು ಇದ್ದಂತೆಯೇ ಇರುತ್ತದೆ ಎಂದುಕೊಂಡರೆ ಆ ಮಾತಿಗೂ ಅರ್ಥವಿದೆ. ಆದರೆ ಭಾಗಾಕಾರವು ಗುಣಾಕಾರದ ವಿಲೋಮ ಎಂದು ಮೊದಲೇ ಬರೆದಿಟ್ಟ ಮೇಲೆ ಆ ಅರ್ಥಕ್ಕೆ ಜಾಗವಿಲ್ಲ. ಅಷ್ಟು ದೊಡ್ಡ ಗಣಿತಜ್ಞರ ಮಾತನ್ನೂ ಅವಮಾನಿಸದೆ ಬದಿಗಿಡಲು ಸ್ವಯಂಸಿದ್ಧಗಳು ನೆರವಾಗುತ್ತವೆ ಎಂಬುದು ನನಗೆ ಹೊಸ ಅರಿವು.

1889ರಲ್ಲಿ ಜುಸೆಪ್ಪೆ ಪೆಯಾನೊ ಎಣಿಕೆಯ ಸಂಖ್ಯೆಗಳಿಗೆ ಕೊಟ್ಟ ಸ್ವಯಂಸಿದ್ಧಗಳಿಂದ 2 + 2 = 4 ಎಂದು ಸಾಧಿಸಿದ್ದು ಏಳನೆಯ ವಾರದ ಮೊದಲ ಅರ್ಧ ಗಂಟೆ. ಅದು ಸುಲಭ. ಅ + ಬ = ಬ + ಅ ಎಂಬುದು ಎಲ್ಲ ಸಂಖ್ಯೆಗಳಿಗೂ ಸರಿ ಎಂದು ತೋರಿಸಲು ಮಾತ್ರ ಅನುಗಮನದ ಸ್ವಯಂಸಿದ್ಧವಿಲ್ಲದೆ (ಮೊದಲ ಸಂಖ್ಯೆಗೆ ಸರಿಯಿದ್ದು, ಒಂದು ಸಂಖ್ಯೆಗೆ ಸರಿಯಿದ್ದಾಗಲೆಲ್ಲ ಮುಂದಿನದಕ್ಕೂ ಸರಿಯಾಗುವ ಮಾತು ಎಲ್ಲ ಸಂಖ್ಯೆಗಳಿಗೂ ಸರಿ ಎಂಬುದು) ನಡೆಯುವುದಿಲ್ಲ, ಎಷ್ಟು ಸಾವಿರ ಉದಾಹರಣೆ ಕೊಟ್ಟರೂ ನಡೆಯುವುದಿಲ್ಲ, ಎಂದಾಗ ಹಿಂದಿನ ಬೆಂಚಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೂಡ ಪೆನ್ನು ಕೆಳಗಿಟ್ಟು ಕೇಳಿದರು.

ತರಗತಿಯ ಕೊರತೆಗಳು ಎಂಟನೆಯ ವಾರದಿಂದ ಕಾಣತೊಡಗುತ್ತವೆ. ರೇಖಾಗಣಿತಕ್ಕೆ ನಾಲ್ಕು ಭಾನುವಾರ ಕೊಟ್ಟವರು ತರ್ಕಶಾಸ್ತ್ರಕ್ಕೆ ಒಂದೇ ಒಂದನ್ನು ಕೊಟ್ಟಿದ್ದಾರೆ. ಅ → (ಬ → ಅ) ಎಂಬುದೂ (ಅ → (ಬ → ಕ)) → ((ಅ → ಬ) → (ಅ → ಕ)) ಎಂಬುದೂ ಎರಡು ಸ್ವಯಂಸಿದ್ಧಗಳು (ಅ → ಬ ಎಂದರೆ "ಅ ಆದರೆ ಬ"). ಅ ಇದ್ದು ಅ → ಬ ಇದ್ದರೆ ಬ ಬರೆಯಬಹುದು ಎಂಬುದು ಒಂದು ಅನುಮಾನ ನಿಯಮ. ಇಷ್ಟರಿಂದ ಅ → ಅ ಎಂಬುದನ್ನು ಸಾಧಿಸಬೇಕು. "ಮಳೆ ಬಂದರೆ ಮಳೆ ಬರುತ್ತದೆ" ಎಂಬಷ್ಟು ಸರಳವಾದ ಮಾತಿಗೆ ಐದು ಸಾಲಿನ ಸಾಧನೆ ಬೇಕಾಯಿತು, ಅದನ್ನು ಹುಡುಕಲು ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಕಣ್ಣಿಗೆ ಕಾಣುವುದೇ ಬೇರೆ, ಒಪ್ಪಿದ್ದರಿಂದ ಬರುವುದೇ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ಆದರೆ ಸ್ವಯಂಸಿದ್ಧಕ್ಕೂ ಅನುಮಾನ ನಿಯಮಕ್ಕೂ ಇರುವ ವ್ಯತ್ಯಾಸವನ್ನು ಅವರು ಎರಡು ವಾಕ್ಯಗಳಲ್ಲಿ ಮುಗಿಸಿದರು. ನಿಯಮವನ್ನೂ ಒಂದು ಸ್ವಯಂಸಿದ್ಧವಾಗಿ ಬರೆದುಕೊಂಡರೆ ಅದನ್ನು ಬಳಸಲು ಮತ್ತೊಂದು ನಿಯಮ ಬೇಕಾಗುತ್ತದೆ, ಅದನ್ನೂ ಬರೆದರೆ ಇನ್ನೊಂದು, ಹೀಗೆ ಕೊನೆಯಿಲ್ಲ ಎಂಬುದನ್ನು ಲೂಯಿಸ್ ಕ್ಯಾರಲ್ 1895ರಲ್ಲಿಯೇ ಆಮೆ ಮತ್ತು ಅಕಿಲೀಸರ ಸಂಭಾಷಣೆಯಾಗಿ ಬರೆದಿದ್ದರು. ಮೊದಲ ಭಾನುವಾರ ನಾವು ಇಳಿದ ಮೆಟ್ಟಿಲುಗಳಿಗೇ ಸೇರಿದ ವಿಷಯವಿದು. ಅದಕ್ಕೆ ಒಂದು ಗಂಟೆಯಾದರೂ ಸಲ್ಲಬೇಕಿತ್ತು.

ಒಂಬತ್ತನೆಯ ವಾರದ ಗಣಸಿದ್ಧಾಂತದಲ್ಲಿ ಮೇಷ್ಟ್ರ ನಿಲುವಿಗೂ ನನ್ನ ನಿಲುವಿಗೂ ಅಂತರ ಬಂತು. ಅಲ್ಲಿಯವರೆಗೆ ಅವರು ಕಲಿಸಿದ್ದನ್ನು ಕೇಳಿದವರಿಗೆ, ಸ್ವಯಂಸಿದ್ಧಗಳನ್ನು ಮೊದಲು ಇಟ್ಟುಕೊಂಡು ಆಮೇಲೆ ಗಣಿತ ಕಟ್ಟುತ್ತಾರೆ ಎಂಬ ಭಾವನೆ ಬರುತ್ತದೆ. ಚರಿತ್ರೆ ಹೆಚ್ಚಾಗಿ ಇದಕ್ಕೆ ತಿರುಗುಮುರುಗಾಗಿದೆ. 1902ರ ಜೂನ್‌ನಲ್ಲಿ ಬರ್ಟ್ರಂಡ್ ರಸೆಲ್ ಬರೆದ ಪತ್ರ ಗಾಟ್ಲೊಬ್ ಫ್ರೇಗೆಗೆ ತಲುಪಿದಾಗ, ಅಂಕಗಣಿತವನ್ನು ತರ್ಕದ ಮೂಲ ನಿಯಮಗಳಿಂದ ಕಟ್ಟುವ ಅವರ ಗ್ರಂಥದ ಎರಡನೆಯ ಸಂಪುಟ ಅಚ್ಚಿನಲ್ಲಿತ್ತು. ತನ್ನನ್ನು ತಾನು ಒಳಗೊಳ್ಳದ ಎಲ್ಲ ಗಣಗಳ ಗಣವು ತನ್ನನ್ನು ಒಳಗೊಳ್ಳುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಅವರ ಐದನೆಯ ಮೂಲ ನಿಯಮವನ್ನು ಕೆಡವಿತು. (ಯೂಕ್ಲಿಡನನ್ನು ಕಾಡಿದ್ದೂ ಐದನೆಯದೇ ಎಂದು ಪಕ್ಕದಲ್ಲಿದ್ದವರು ಪಿಸುಗುಟ್ಟಿದರು.) 1908ರಲ್ಲಿ ಅರ್ನ್ಸ್ಟ್ ಜರ್ಮೆಲೊ ತಮ್ಮ ಸ್ವಯಂಸಿದ್ಧಗಳನ್ನು ಬರೆದದ್ದು ಕ್ಯಾಂಟರರ ಗಣಸಿದ್ಧಾಂತದಲ್ಲಿ ಉಳಿಸಿಕೊಳ್ಳಬೇಕಾದದ್ದನ್ನು ಉಳಿಸಿಕೊಂಡು, ಇಂಥ ವಿರೋಧಾಭಾಸಗಳನ್ನು ಹೊರಗಿಡಲು. ಅವರು 1904ರಲ್ಲಿ ಎತ್ತಿ ತೋರಿಸಿದ ಆಯ್ಕೆಯ ಸ್ವಯಂಸಿದ್ಧವನ್ನು (ಖಾಲಿಯಲ್ಲದ ಗಣಗಳ ಯಾವುದೇ ಸಮೂಹದಲ್ಲಿ ಪ್ರತಿ ಗಣದಿಂದಲೂ ಒಂದೊಂದನ್ನು ಆರಿಸಿಕೊಳ್ಳಬಹುದು ಎಂಬುದನ್ನು) ಗಣಿತಜ್ಞರು ಹೆಸರಿಡದೆ, ಅರಿಯದೆ, ಅದಕ್ಕೂ ಮೊದಲೇ ಬಳಸುತ್ತಿದ್ದರು. ಅದನ್ನು ವಿರೋಧಿಸಿದವರ ಬರಹಗಳಲ್ಲಿಯೂ ಅದು ಅಡಗಿತ್ತು. ಆದ್ದರಿಂದ ಸ್ವಯಂಸಿದ್ಧಗಳು ಬರಿಯ ಒಪ್ಪಂದ ಎಂಬ ಮೇಷ್ಟ್ರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಯಾವ ಮಾತನ್ನು ಬಂಡವಾಳವಾಗಿ ಇಡಬೇಕೆಂಬುದು ಅದರಿಂದ ಏನೇನು ದುಡಿಯಬಹುದು ಎಂಬ ಬಹುಕಾಲದ ಅನುಭವದಿಂದ ತೀರ್ಮಾನವಾಗುತ್ತದೆ. ಇದನ್ನು ತರಗತಿಯಲ್ಲಿಯೇ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಮುಂದಿನ ತಂಡಕ್ಕೆ ಈ ಪಾಠವನ್ನು ಮೂರನೆಯ ವಾರಕ್ಕೆ ತರುವುದಾಗಿ ಹೇಳಿದರು.

ಹತ್ತನೆಯ ವಾರ ಅವಸರದಲ್ಲಿ ಕಳೆಯಿತು. ಕರ್ಟ್ ಗೋಡೆಲರ 1931ರ ಪ್ರಮೇಯಗಳನ್ನು ನಲವತ್ತು ನಿಮಿಷದಲ್ಲಿ ಹೇಳಿದ್ದರಿಂದ ಇಬ್ಬರು ಸಹಪಾಠಿಗಳು "ಹಾಗಾದರೆ ಗಣಿತದಲ್ಲಿ ಯಾವುದನ್ನೂ ನಂಬುವಂತಿಲ್ಲ" ಎಂದುಕೊಂಡು ಮನೆಗೆ ಹೋದರು. ಗೋಡೆಲರು ಹೇಳಿದ್ದು ಅದಲ್ಲ. ಕೂಡುವಿಕೆ, ಗುಣಾಕಾರಗಳೆರಡನ್ನೂ ಒಳಗೊಳ್ಳುವಷ್ಟು ಶಕ್ತಿಯುಳ್ಳ, ಯಾವುದು ಸ್ವಯಂಸಿದ್ಧ ಯಾವುದಲ್ಲ ಎಂದು ಯಾಂತ್ರಿಕವಾಗಿ ಹೇಳಬಲ್ಲ, ವಿರೋಧವಿಲ್ಲದ ಯಾವುದೇ ವ್ಯವಸ್ಥೆಯಲ್ಲಿ ಸಾಧಿಸಲೂ ಅಲ್ಲಗಳೆಯಲೂ ಬಾರದ ಮಾತುಗಳು ಉಳಿಯುತ್ತವೆ ಎಂಬುದು ಅದರ ಸಾರ. ಕೂಡುವಿಕೆ ಮಾತ್ರ ಇರುವ ಅಂಕಗಣಿತಕ್ಕೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಪ್ರತಿ ಮಾತೂ ತೀರ್ಮಾನವಾಗುತ್ತದೆ ಎಂದು ಪ್ರೆಸ್‌ಬರ್ಗರ್ 1929ರಲ್ಲಿಯೇ ತೋರಿಸಿದ್ದರು. ಈ ಒಂದು ಹೋಲಿಕೆಯನ್ನು ಮುಂದಿಟ್ಟಿದ್ದರೆ ಆ ಇಬ್ಬರ ಗೊಂದಲ ಕರಗುತ್ತಿತ್ತು. ಕ್ಯಾಂಟರರ ನಿರಂತರತೆಯ ಊಹೆಯನ್ನು (ಎಣಿಕೆಯ ಸಂಖ್ಯೆಗಳ ಅನಂತಕ್ಕೂ ರೇಖೆಯ ಮೇಲಿನ ಬಿಂದುಗಳ ಅನಂತಕ್ಕೂ ನಡುವಿನ ಗಾತ್ರದ ಅನಂತವಿಲ್ಲ ಎಂಬುದನ್ನು) ಬಳಕೆಯಲ್ಲಿರುವ ಗಣಸಿದ್ಧಾಂತದ ಸ್ವಯಂಸಿದ್ಧಗಳಿಂದ ಅಲ್ಲಗಳೆಯಲಾಗದು ಎಂದು ಗೋಡೆಲರೂ, ಸಾಧಿಸಲೂ ಆಗದು ಎಂದು 1963ರಲ್ಲಿ ಪಾಲ್ ಕೋಹೆನರೂ ತೋರಿಸಿದ ಸಂಗತಿ ನಮ್ಮ ಐದು ಊರುಗಳ ಬಸ್ಸಿನ ದೊಡ್ಡಣ್ಣನಂತಿದೆ; ಅದಕ್ಕೆ ಸಿಕ್ಕಿದ್ದು ಹತ್ತು ನಿಮಿಷ.

ಟಿಪ್ಪಣಿಯ ಕನ್ನಡ ತಿಳಿಯಾಗಿದೆ, ಪರಿಭಾಷೆ ನಮ್ಮ ಪಠ್ಯಪುಸ್ತಕಗಳದ್ದೇ. ಆದರೆ ಮುದ್ರಣದಲ್ಲಿ ತರ್ಕದ ಬಾಣದ ಗುರುತು ಹಲವು ಕಡೆ ಬಿಟ್ಟುಹೋಗಿದೆ. 52ರಿಂದ 58ರವರೆಗಿನ ಪುಟಗಳನ್ನು ಕೈಯಿಂದ ತಿದ್ದಿಕೊಳ್ಳಬೇಕು. ಗೋಳದ ಮೇಲಿನ ತ್ರಿಭುಜ ತೋರಿಸಲು ಅವರು ತರುವ ದೊಡ್ಡ ಪ್ಲಾಸ್ಟಿಕ್ ಚೆಂಡು, ಅದರ ಮೇಲೆ ಮೂರು ರಬ್ಬರ್ ಬ್ಯಾಂಡ್ ಬಿಗಿದು ಮೂರೂ ಲಂಬಕೋನಗಳಾಗಿ ಒಟ್ಟು 270 ಡಿಗ್ರಿ ಬರುವಂತೆ ಮಾಡುವ ರೀತಿ ಬಹಳ ಚೆನ್ನಾಗಿದೆ. ಗೋಳದ ಮೇಲೆ ಸಮಾಂತರದ ಮಾತಷ್ಟೇ ಅಲ್ಲ, ರೇಖೆಯನ್ನು ಎಷ್ಟು ಬೇಕಾದರೂ ಬೆಳೆಸಬಹುದೆಂಬ ಮಾತೂ ಕೈಬಿಡುತ್ತದೆ ಎಂದು ಎಚ್ಚರಿಸಲು ಅವರು ಮರೆಯಲಿಲ್ಲ. ಮಹಡಿಯ ಕೋಣೆ ಹದಿನೆಂಟು ಜನರಿಗೆ ಇಕ್ಕಟ್ಟು, ಶೀಟಿನ ಮಾಡಾದ್ದರಿಂದ ಹನ್ನೆರಡರ ನಂತರ ಸೆಕೆ. ಮೆಟ್ಟಿಲು ಕಡಿದಾಗಿದೆ, ವಯಸ್ಸಾದವರು ಮೊದಲೇ ಹೇಳಿದರೆ ಕೆಳಗಿನ ಹಜಾರದಲ್ಲಿ ನಡೆಸುತ್ತಾರೆ.

ತರಗತಿ ಮುಗಿದ ಮರುದಿನ ಶಾಲೆಯಲ್ಲಿ ಆ ಹುಡುಗಿಯ ಪ್ರಶ್ನೆಯನ್ನು ಮತ್ತೆ ಹಲಗೆಯ ಮೇಲೆ ಬರೆದು, ನಾನು ಅಂದು ಕೊಟ್ಟ ಉತ್ತರ ತಪ್ಪಾಗಿತ್ತೆಂದು ಎಲ್ಲರ ಎದುರಿಗೆ ಹೇಳಿದೆ. ಊರು ಮತ್ತು ಬಸ್ಸುಗಳ ಚಿತ್ರವನ್ನು ಮಕ್ಕಳೇ ಹೊಳಲ್ಕೆರೆ, ಹಿರಿಯೂರು, ಹೊಸದುರ್ಗ, ಚಳ್ಳಕೆರೆ ಎಂದು ಬದಲಿಸಿಕೊಂಡು ಬಿಡಿಸಿದರು. ಆರು ಊರುಗಳಾದರೆ ಎಷ್ಟು ಸಮಾಂತರ ಎಂದು ಕೇಳಿದ್ದಕ್ಕೆ ಅವಳೇ ಮೊದಲು ಮೂರು ಎಂದಳು, ಏಕೆ ಎಂದೂ ಬರೆದಳು.

ಪ್ರೌಢಶಾಲೆಯ ಮತ್ತು ಪದವಿಪೂರ್ವ ಕಾಲೇಜಿನ ಗಣಿತ ಶಿಕ್ಷಕರು, ಪದವಿಯಲ್ಲಿ ಗಣಿತ ಓದುತ್ತಿರುವವರು, ಲೆಕ್ಕದ ಮೇಲೆ ಪ್ರೀತಿಯಿರುವ ಯಾರೇ ಆಗಲಿ ಮೊದಲ ಏಳು ವಾರಕ್ಕಾಗಿ ಖಂಡಿತ ಹೋಗಬೇಕು. ಪ್ರವೇಶ ಪರೀಕ್ಷೆಗೆ ಸಿದ್ಧರಾಗುತ್ತಿರುವ ಮಕ್ಕಳನ್ನು ಅಂಕದ ಆಸೆಯಿಂದ ಕಳುಹಿಸಬೇಡಿ, ಇದು ಅಂಥ ತರಗತಿಯಲ್ಲ. ಮುಂದಿನ ತಂಡ ದಸರಾ ರಜೆ ಕಳೆದ ಮೊದಲ ಭಾನುವಾರ ಶುರುವಾಗುತ್ತದೆ, ಹದಿನೈದು ಜನರಿಗೆ ಮಾತ್ರ ಅವಕಾಶ. ಚಿತ್ರದುರ್ಗದಿಂದ ಬರುವವರು ಎಂಟು ಗಂಟೆಯ ಒಳಗೆ ಬಸ್ಸು ಹತ್ತುವುದು ಒಳ್ಳೆಯದು. ಹತ್ತಕ್ಕೆ ಸರಿಯಾಗಿ ಬಾಗಿಲು ಹಾಕುತ್ತಾರೆ. ಇನ್ನೂರು ಪುಟದ ನೋಟುಪುಸ್ತಕ ತನ್ನಿ, ಬಲಗಡೆಯ ಅಂಚನ್ನು ಮನೆಯಲ್ಲಿಯೇ ಗೆರೆ ಹಾಕಿಕೊಂಡು ಬನ್ನಿ.